ಸಚಿವರ ಖರ್ಚು ಯಾವ ಪುಟದಲ್ಲಿದೆ?

ಸರ್ಕಾರಿ ಲೆಕ್ಕಪತ್ರಗಳ ಪರಿಶೋಧನೆಯಲ್ಲಿ ಮೂರು ದಶಕ ಕಳೆದವನು ಎಂದು ತಿಳಿದ ಕೂಡಲೇ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಒಬ್ಬ ಮಂತ್ರಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಸಾರ್?' ಸಂಬಳ ಎಷ್ಟು ಎಂದು ಕೇಳಿದ್ದರೆ ಕಾಯ್ದೆಯ ಪುಟ ತೆಗೆದು ತೋರಿಸಬಹುದಿತ್ತು. ಖರ್ಚು ಎಷ್ಟು ಎಂದು ಕೇಳಿದರೆ, ಅಷ್ಟು ವರ್ಷ ವೋಚರುಗಳನ್ನು ತಿರುವಿದ ನಾನೂ ಸುಮ್ಮನೆ ಅನ್ನ ಕಲಸಬೇಕಾಗುತ್ತದೆ. ಏಕೆಂದರೆ ಆ ಮೊತ್ತವನ್ನು ಯಾರೂ ಒಂದು ಕಡೆ ಕೂಡಿಸಿ ಇಡುವುದಿಲ್ಲ. ಸಚಿವರ ಸಂಬಳ ಸವಲತ್ತುಗಳು ನ್ಯಾಯವೇ ಎಂಬ ಚರ್ಚೆ ಪ್ರತಿ ಬಾರಿಯೂ ಹಾದಿ ತಪ್ಪುವುದು ಈ ಎರಡು ಪ್ರಶ್ನೆಗಳ ನಡುವಿನ ಸಂದಿಯಲ್ಲಿ.

ಮೊದಲು ಸಂಬಳದ ವಿಚಾರ. ಸಂವಿಧಾನದ 164(5)ನೇ ವಿಧಿಯ ಪ್ರಕಾರ ರಾಜ್ಯದ ಸಚಿವರ ಸಂಬಳ ಮತ್ತು ಭತ್ಯೆಗಳನ್ನು ವಿಧಾನಮಂಡಲವೇ ಕಾನೂನಿನ ಮೂಲಕ ನಿಗದಿಪಡಿಸಬೇಕು. ಕರ್ನಾಟಕದಲ್ಲಿ ಆ ಕಾನೂನು 1956ರದು. ಅಂದಿನಿಂದ ಅದಕ್ಕೆ ತೇಪೆಯ ಮೇಲೆ ತೇಪೆ ಬೀಳುತ್ತಲೇ ಇದೆ. 2022ರ ತಿದ್ದುಪಡಿಯಲ್ಲಿ ಸಚಿವರ ಸಂಬಳ 40,000 ರೂಪಾಯಿಯಿಂದ 60,000ಕ್ಕೂ ಮುಖ್ಯಮಂತ್ರಿಯ ಸಂಬಳ 50,000ದಿಂದ 75,000ಕ್ಕೂ ಏರಿತು. 2025ರ ಮಾರ್ಚ್‌ನಲ್ಲಿ ಅವೇ ಮೊತ್ತಗಳು ಕ್ರಮವಾಗಿ 1.25 ಲಕ್ಷ ಮತ್ತು 1.5 ಲಕ್ಷವಾದವು. ಮೂರು ವರ್ಷಗಳಲ್ಲಿ ಸಚಿವರ ಸಂಬಳ ಮೂರು ಪಟ್ಟು ದಾಟಿದ್ದನ್ನು ನೋಡಿ ಜನ ಸಿಟ್ಟಾದದ್ದು ಸಹಜ. ಆದರೆ ಶಾಸಕರ ವೇತನ ಏರಿಕೆಯೂ ಸೇರಿ ಆ ವರ್ಷ ಬೀಳುವ ಹೆಚ್ಚುವರಿ ಹೊರೆ ಸುಮಾರು 62 ಕೋಟಿ ಎಂದು ಆಗ ವರದಿಯಾಗಿತ್ತು, ಮತ್ತು ರಾಜ್ಯದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಒಂದೂವರೆ ಪೈಸೆ. ಇದರಿಂದ ಖಜಾನೆ ಬರಿದಾಯಿತು ಎನ್ನುವ ವಾದ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಹಾಗೆ ನೋಡಿದರೆ ಸಚಿವರ ಸಂಬಳ ಅವರ ಕೈಕೆಳಗಿನ ಅಧಿಕಾರಿಯ ಸಂಬಳಕ್ಕಿಂತ ಕಡಿಮೆ. ಮುಖ್ಯ ಕಾರ್ಯದರ್ಶಿಯ ಮೂಲ ವೇತನ 2.25 ಲಕ್ಷ, ತುಟ್ಟಿಭತ್ಯೆ ಅದರ ಮೇಲೆ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಜಾರಿಗೆ ಬಂದ ವೇತನ ಶ್ರೇಣಿಯ ಗರಿಷ್ಠ ಮೊತ್ತ 2,41,200 ರೂಪಾಯಿ. ಈ ಹೋಲಿಕೆಯನ್ನು ಶಾಸಕರು ಸದನದ ಒಳಗೂ ಹೊರಗೂ ಹೇಳುತ್ತಾರೆ. ನನಗೆ ಇದು ಎರಡೂ ಕಡೆಯಿಂದ ಕುಂಟುವ ಹೋಲಿಕೆ ಎನಿಸುತ್ತದೆ. ಅಧಿಕಾರಿ ಪರೀಕ್ಷೆ ಬರೆದು ಬಂದವನು, ಮೂವತ್ತು ವರ್ಷ ದುಡಿದು ಆ ಶ್ರೇಣಿ ತಲುಪಿದವನು. ಸಚಿವರು ರಾಜ್ಯಪಾಲರ ಇಷ್ಟವಿರುವವರೆಗೆ, ಅಂದರೆ ವಾಸ್ತವದಲ್ಲಿ ಮುಖ್ಯಮಂತ್ರಿಯ ಇಷ್ಟವಿರುವವರೆಗೆ ಕುರ್ಚಿಯಲ್ಲಿರುವವರು. ಒಂದು ಉದ್ಯೋಗ, ಇನ್ನೊಂದು ಹೊಣೆ. ಖಾಸಗಿ ಕಂಪನಿಯ ಮುಖ್ಯಸ್ಥರ ಜತೆಗಿನ ಹೋಲಿಕೆಯನ್ನಂತೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಜನಪ್ರತಿನಿಧಿಗೆ ಸಂಬಳ ಏಕೆ ಬೇಕು ಎಂಬುದಕ್ಕೆ ಗಟ್ಟಿಯಾದ ಕಾರಣ ಬೇರೆಯೇ ಇದೆ. ಬ್ರಿಟನ್ನಿನಲ್ಲಿ 1911ರವರೆಗೆ ಸಂಸದರಿಗೆ ಸಂಬಳವೇ ಇರಲಿಲ್ಲ. ಆಸ್ತಿಯಿದ್ದವರಿಗೆ ಅದು ತೊಂದರೆಯೂ ಆಗಿರಲಿಲ್ಲ. ಕಾರ್ಮಿಕರ ನಡುವಿನಿಂದ ಬಂದವರು ಸಂಸತ್ತಿನಲ್ಲಿ ಕೂರುವಂತಾಗಲೆಂದು ಆ ವರ್ಷ ವಾರ್ಷಿಕ 400 ಪೌಂಡ್ ನಿಗದಿಯಾಯಿತು. ಹೊಲ ಮಾರದೆ, ಯಾರ ಮುಂದೆಯೂ ಕೈಚಾಚದೆ ಒಬ್ಬ ಕೂಲಿಕಾರನ ಮಗ ಐದು ವರ್ಷ ಸಚಿವನಾಗಿ ಸಂಸಾರ ನಡೆಸಲು ಆಗಬೇಕು. ಆ ಅಳತೆಯಲ್ಲಿ 1.25 ಲಕ್ಷ ರೂಪಾಯಿ ಸಮರ್ಥನೀಯ ಮೊತ್ತವೇ. ಆದರೆ ಸಂಬಳ ಹೆಚ್ಚಿಸಿದರೆ ಲಂಚ ಕಡಿಮೆಯಾಗುತ್ತದೆ ಎಂಬ ಮಾತನ್ನು ಇದಕ್ಕೆ ಅಂಟಿಸಬಾರದು. ವಿಧಾನಸಭಾ ಅಭ್ಯರ್ಥಿಯೊಬ್ಬರು ಕಾನೂನುಬದ್ಧವಾಗಿ ಮಾಡಬಹುದಾದ ಚುನಾವಣಾ ವೆಚ್ಚದ ಮಿತಿ 40 ಲಕ್ಷ. ಸಚಿವರು ಒಂದು ಪೈಸೆಯನ್ನೂ ಮುಟ್ಟದೆ 32 ತಿಂಗಳ ಸಂಬಳವನ್ನು ಹಾಗೇ ಎತ್ತಿಟ್ಟರೆ ಅಷ್ಟಾಗುತ್ತದೆ. ಮಿತಿಯ ಆಚೆಗೆ ನಡೆಯುವ ಖರ್ಚಿನ ಮಾತು ಇಲ್ಲಿ ಬೇಡ. ಕಡಿಮೆ ಸಂಬಳ ಪಡೆದವರೆಲ್ಲ ಪ್ರಾಮಾಣಿಕರು ಎಂಬುದೂ ಅಷ್ಟೇ ಟೊಳ್ಳು. 1991ರಿಂದ 1996ರ ಅವಧಿಯಲ್ಲಿ ತಿಂಗಳಿಗೆ ಒಂದು ರೂಪಾಯಿ ಸಂಬಳ ಸಾಕೆಂದಿದ್ದ ಜಯಲಲಿತಾ ಅವರ ಅದೇ ಅವಧಿಯ ಆಸ್ತಿ ಪ್ರಕರಣದ ವಿಚಾರಣೆ ನಮ್ಮ ಬೆಂಗಳೂರಿನಲ್ಲೇ ವರ್ಷಗಟ್ಟಲೆ ನಡೆಯಿತು.

ಸಂಬಳ ಸಣ್ಣದಾಗಿಟ್ಟು ಉಳಿದದ್ದನ್ನು ಭತ್ಯೆಯಲ್ಲಿ ತುಂಬಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಸರ್ಕಾರದ ಸೇವೆಯಲ್ಲಿರುವ ಯಾರಿಗೂ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿ ಮೀರಿದ ಸಂಬಳ ಇರಬಾರದೆಂದು 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ನಿರ್ಣಯಿಸಿತ್ತು. 1937ರಲ್ಲಿ ಪ್ರಾಂತಗಳಲ್ಲಿ ಸರ್ಕಾರ ರಚಿಸಿದಾಗ ಆ ಪಕ್ಷದ ಸಚಿವರು 500 ರೂಪಾಯಿಯನ್ನೇ ತೆಗೆದುಕೊಂಡರು. ಇಂದಿನ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಿದ್ದ ಮುಂಬಯಿ ಪ್ರಾಂತದಲ್ಲೂ, ದಕ್ಷಿಣ ಕನ್ನಡವಿದ್ದ ಮದ್ರಾಸ್ ಪ್ರಾಂತದಲ್ಲೂ ಅದೇ ನಿಯಮ. ಆದರ್ಶ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆ ಮತ್ತು ಕಾರಿನ ಭತ್ಯೆ ಆಗಲೂ ಬೇರೆಯಾಗಿಯೇ ಇತ್ತು. ಜನರ ಕಣ್ಣಿಗೆ ಬೀಳುವ ಅಂಕಿ ಚಿಕ್ಕದಾಗಿರಲಿ, ಅಗತ್ಯವಿದ್ದದ್ದು ಪಕ್ಕದ ಸಾಲಿನಲ್ಲಿ ಬರಲಿ ಎಂಬ ರೂಢಿ ಅಂದೇ ಬೇರೂರಿತು. ಆದರ್ಶ ಸವೆದ ಮೇಲೂ ರೂಢಿ ಉಳಿಯಿತು.

ಅದು ಎಲ್ಲಿಯವರೆಗೆ ಬೆಳೆಯಿತು ಎಂಬುದಕ್ಕೆ 2025ರ ತಿದ್ದುಪಡಿಯಲ್ಲೇ ಸಾಕ್ಷಿ ಇದೆ. ಸಚಿವರ ಮನೆ ಬಾಡಿಗೆ ಭತ್ಯೆ 1.2 ಲಕ್ಷದಿಂದ 2.5 ಲಕ್ಷಕ್ಕೆ ಏರಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ರಾಜ್ಯ ನೌಕರನಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 20. ಸಚಿವರಿಗೆ ಅದು ಸಂಬಳದ ಶೇ 200. ನನ್ನ ಸೇವೆಯಲ್ಲಿ ಯಾವುದೇ ವೇತನ ಪಟ್ಟಿಯಲ್ಲಿ ಬಾಡಿಗೆಯ ಕಲಂ ಮೂಲ ವೇತನದ ಎರಡರಷ್ಟಿರುವುದನ್ನು ಕಂಡಿದ್ದರೆ ಸೊನ್ನೆ ತಪ್ಪಾಗಿ ಬಿದ್ದಿದೆಯೆಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ವರ್ಷಕ್ಕೆ 4 ಲಕ್ಷದಿಂದ 5 ಲಕ್ಷಕ್ಕೆ ಏರಿದ ಆತಿಥ್ಯ ಭತ್ಯೆಯ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಬೆಳಗಿನ ಏಳು ಗಂಟೆಗೆ ಯಾವ ಸಚಿವರ ಮನೆಯ ಅಂಗಳಕ್ಕೆ ಹೋದರೂ ಆಸ್ಪತ್ರೆಯ ಬಿಲ್ಲು, ವರ್ಗಾವಣೆಯ ಅರ್ಜಿ, ಮದುವೆಯ ಕರೆಯೋಲೆ ಹಿಡಿದ ನೂರು ಜನ ನಿಂತಿರುತ್ತಾರೆ. ಅವರಿಗೆ ಕಾಫಿ ಕೊಡುವುದು ಖಾಸಗಿ ಖರ್ಚಲ್ಲ. ಅದನ್ನು ಇಡಿಗಂಟಾಗಿ ಕೊಡುವುದೂ ಸರಿಯೇ. ಕಾಫಿಗೆ ರಸೀದಿ ಕೇಳಿದರೆ ರಸೀದಿ ಪುಸ್ತಕ ಅಚ್ಚಾಗುತ್ತದೆಯೇ ಹೊರತು ಕಾಫಿ ಕಡಿಮೆಯಾಗುವುದಿಲ್ಲ.

ಈಗ ಖರ್ಚಿನ ವಿಚಾರಕ್ಕೆ ಬರೋಣ. ಸರ್ಕಾರದ ಪ್ರತಿಯೊಂದು ವೆಚ್ಚಕ್ಕೂ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಮಂತ್ರಿಮಂಡಲಕ್ಕೆ ಮೀಸಲಾದ ಪ್ರಧಾನ ಶೀರ್ಷಿಕೆಯ ಸಂಖ್ಯೆ 2013. ಅದರ ಕೆಳಗೆ ಸಂಬಳ, ಆತಿಥ್ಯ ಮತ್ತಿತರ ಭತ್ಯೆ, ವಿವೇಚನಾ ಅನುದಾನ (ಸಚಿವರು ತಮ್ಮ ವಿವೇಚನೆಯಂತೆ ಕೊಡಬಹುದಾದ ಹಣ), ಪ್ರವಾಸ ವೆಚ್ಚ ಎಂಬ ಕೆಲವೇ ಸಾಲುಗಳು ಬರುತ್ತವೆ. ಬಜೆಟ್ ಪುಸ್ತಕದಲ್ಲಿ ಈ ಪುಟವನ್ನು ನೋಡಿದವರು ಸಚಿವರ ಖರ್ಚು ಇಷ್ಟೇ ಎಂದುಕೊಳ್ಳುತ್ತಾರೆ. ಆದರೆ ಸಚಿವರ ಕಚೇರಿಯ ಸಿಬ್ಬಂದಿಯ ಸಂಬಳ ಸಚಿವಾಲಯದ 2052ರಲ್ಲಿ ಅಥವಾ ಅವರನ್ನು ಕಳುಹಿಸಿದ ಮಾತೃ ಇಲಾಖೆಯ ಲೆಕ್ಕದಲ್ಲಿರುತ್ತದೆ. ಬೆಂಗಾವಲು ಪೊಲೀಸರು 2055ರಲ್ಲಿ, ಸರ್ಕಾರಿ ಬಂಗಲೆಯ ದುರಸ್ತಿ ಲೋಕೋಪಯೋಗಿ ಇಲಾಖೆಯ 2059ರಲ್ಲಿ ಅಥವಾ ವಸತಿಯ 2216ರಲ್ಲಿ. ನಿಗಮವೊಂದರ ಹೆಸರಿನಲ್ಲಿ ಖರೀದಿಯಾಗಿ ಸಚಿವರ ಮನೆಯ ಮುಂದೆ ನಿಂತ ಕಾರಂತೂ ಸರ್ಕಾರದ ಲೆಕ್ಕದಲ್ಲೇ ಇರುವುದಿಲ್ಲ. ಅದರ ಪೆಟ್ರೋಲು, ಚಾಲಕನ ಸಂಬಳ ಎರಡೂ ಆ ನಿಗಮದ ಲಾಭ-ನಷ್ಟದ ತಖ್ತೆಯಲ್ಲಿ 'ಆಡಳಿತ ವೆಚ್ಚ' ಎಂಬ ಸಾಲಿನೊಳಗೆ ಕರಗಿರುತ್ತವೆ. ಇದರಲ್ಲಿ ಬಹುಪಾಲು ನಿಯಮದ ಉಲ್ಲಂಘನೆಯಲ್ಲ. ಲೆಕ್ಕದ ಚೌಕಟ್ಟೇ ಖರ್ಚಿನ ಉದ್ದೇಶವನ್ನು ನೋಡಿ ವಿಂಗಡಿಸುತ್ತದೆ, ವ್ಯಕ್ತಿಯನ್ನು ನೋಡಿ ಅಲ್ಲ. ಆದರೆ ಸಚಿವರ ಸವಲತ್ತು ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸಬೇಕಾದ ನಾಗರಿಕನ ಪಾಲಿಗೆ ಐದಾರು ಪುಟಗಳಲ್ಲಿ ಚದುರಿದ ಖರ್ಚು ಇಲ್ಲದ ಖರ್ಚಿಗೆ ಸಮ.

ಒಂದು ಬಂಗಲೆಯ ಕಡತ ನನಗೆ ಇನ್ನೂ ನೆನಪಿದೆ. ಐದು ವರ್ಷಗಳಲ್ಲಿ ಆ ಮನೆಗೆ ಮೂವರು ಸಚಿವರು ಬಂದು ಹೋಗಿದ್ದರು. ಮೊದಲನೆಯವರು ಬಂದಾಗ ಪೂರ್ವದ ಗೋಡೆ ಒಡೆದು ಹೊಸ ಬಾಗಿಲು ಇಡಲಾಯಿತು. ಅಂದಾಜುಪಟ್ಟಿಯಲ್ಲಿ ಅದರ ಹೆಸರು 'ತುರ್ತು ದುರಸ್ತಿ'. ಎರಡನೆಯವರು ಬಂದಾಗ ಅದೇ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ಈ ಬಾರಿಯ ವಿವರಣೆ 'ಭದ್ರತಾ ದೃಷ್ಟಿಯಿಂದ ಅಗತ್ಯ'. ಮೂರನೆಯವರು ಅದನ್ನು ಮತ್ತೆ ತೆರೆಸಿದರು: 'ಗಾಳಿ ಬೆಳಕಿನ ಸುಧಾರಣೆ'. ವಾಸ್ತು ಎಂಬ ಪದ ಕಡತದ ಯಾವ ಹಾಳೆಯಲ್ಲೂ ಇರಲಿಲ್ಲ. ಪರದೆ, ಸೋಫಾ, ಸ್ನಾನಗೃಹದ ಕಲ್ಲು ಎಲ್ಲವನ್ನೂ ಒಂದೇ ಕಾಮಗಾರಿಯಾಗಿ ತೋರಿಸದೆ, ಎಂಜಿನಿಯರ್ ತಮ್ಮ ಮಟ್ಟದಲ್ಲೇ ಮಂಜೂರು ಮಾಡಬಹುದಾದ ಮಿತಿಯೊಳಗೆ ಬರುವಂತೆ ಐದು ಅಂದಾಜುಪಟ್ಟಿಗಳಾಗಿ ತುಂಡರಿಸಲಾಗಿತ್ತು. ನಾವು ಆಕ್ಷೇಪಣೆ ಬರೆದೆವು. ಕಾಮಗಾರಿಗಳು ಬೇರೆ ಬೇರೆ ಸ್ವರೂಪದವು, ಆದ್ದರಿಂದ ಕಂಡಿಕೆಯನ್ನು ಕೈಬಿಡಬೇಕು ಎಂದು ಉತ್ತರ ಬಂತು. ಆ ಮೂವರು ಸಚಿವರೂ ಇಷ್ಟು ಖರ್ಚು ಮಾಡಿ ಎಂದು ಎಲ್ಲೂ ಸಹಿ ಹಾಕಿರಲಿಲ್ಲ. ಮನೆಯವರು ಹೇಳಿದ್ದನ್ನು ಆಪ್ತ ಸಹಾಯಕರು ಎಂಜಿನಿಯರಿಗೆ ಹೇಳಿದ್ದರು, ಅಷ್ಟೇ. ತನ್ನ ಕಿಸೆಯಿಂದ ಹೋಗದ, ತನ್ನ ಹೆಸರಿಗೂ ಬರೆಯದ ದುಡ್ಡಿನ ವಿಚಾರದಲ್ಲಿ ಕೈ ಬಿಗಿಹಿಡಿಯಲು ಮನುಷ್ಯನಿಗೆ ಕಾರಣವೇ ಇರುವುದಿಲ್ಲ.

ಇನ್ನೊಂದು ಸೋರಿಕೆ ಸ್ಥಾನಮಾನದ್ದು. ಸಂವಿಧಾನದ 2003ರ 91ನೇ ತಿದ್ದುಪಡಿಯು ಸಚಿವ ಸಂಪುಟದ ಗಾತ್ರವನ್ನು ವಿಧಾನಸಭೆಯ ಬಲದ ಶೇ 15ಕ್ಕೆ ಕಟ್ಟಿಹಾಕಿತು. 224 ಸದಸ್ಯರ ನಮ್ಮ ಸಭೆಯಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿ. ಸಚಿವರಾಗದೆ ಉಳಿದವರನ್ನು ಸಮಾಧಾನಪಡಿಸಲು ನಿಗಮ-ಮಂಡಳಿಗಳ ಅಧ್ಯಕ್ಷಗಿರಿ, ಸಲಹೆಗಾರರ ಹುದ್ದೆ, ಅದರ ಜತೆಗೆ 'ಸಂಪುಟ ದರ್ಜೆ' ಎಂಬ ಮುದ್ರೆ ಬಂತು. 2024ರ ಜನವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸಕರಿಗೆ ಒಂದೇ ಬಾರಿಗೆ ಇಂಥ ಸ್ಥಾನ ಸಿಕ್ಕಿತು. ಹಿಂದಿನ ಸರ್ಕಾರಗಳೂ ಇದರಲ್ಲಿ ಹಿಂದೆ ಬಿದ್ದವಲ್ಲ. ಸಚಿವರಿಗೆ ಕಾರು, ಮನೆ, ಸಿಬ್ಬಂದಿ ಕೊಡುವುದಕ್ಕೆ ಇರುವ ಸಮರ್ಥನೆ ಅವರು ಇಲಾಖೆಯ ಬಗ್ಗೆ ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು ಎಂಬುದು. ಸಂಪುಟ ದರ್ಜೆಯವರು ಹಾಗೆ ಉತ್ತರಿಸಬೇಕಾಗಿಲ್ಲ, ಸಚಿವರಿಗೆ ಸಿಗುವುದು ಮಾತ್ರ ಅವರಿಗೂ ಸಿಗಬೇಕು. ಈ ಸವಲತ್ತಿಗೆ ನನ್ನ ಬಳಿ ಯಾವ ಸಮರ್ಥನೆಯೂ ಇಲ್ಲ.

ತಮ್ಮ ಸಂಬಳವನ್ನು ತಾವೇ ನಿಗದಿ ಮಾಡಿಕೊಳ್ಳುವುದು ಸಂವಿಧಾನ ಕೊಟ್ಟ ಅಧಿಕಾರ, ನಿಜ. ಆದರೆ ಅದನ್ನು ಬಳಸಿದ ರೀತಿ ನೋಡಿ. 2022ರ ಫೆಬ್ರುವರಿಯ ಮಸೂದೆ ವಿರೋಧ ಪಕ್ಷದ ಧರಣಿಯ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. 2025ರ ಮಾರ್ಚ್ 21ರಂದು ಕಾಗದದ ಚೂರುಗಳು ಸಭಾಧ್ಯಕ್ಷರ ಪೀಠದತ್ತ ಹಾರುತ್ತಿದ್ದಾಗ ಮತ್ತೊಂದು ಅಂಗೀಕಾರವಾಯಿತು. ಅದೇ ದಿನ 18 ಶಾಸಕರು ಅಮಾನತಾದರು. ಬರ, ಪ್ರವಾಹದ ಚರ್ಚೆಯನ್ನು ನಿಲ್ಲಿಸಬಲ್ಲ ಗದ್ದಲಕ್ಕೆ ವೇತನ ಮಸೂದೆಯನ್ನು ನಿಲ್ಲಿಸಲು ಎರಡು ಬಾರಿಯೂ ಆಗಲಿಲ್ಲ. ಅದಾಗಿ ಮೂರು ದಿನಕ್ಕೆ ಕೇಂದ್ರ ಸರ್ಕಾರ ಸಂಸದರ ಸಂಬಳವನ್ನು 1 ಲಕ್ಷದಿಂದ 1.24 ಲಕ್ಷಕ್ಕೆ ಏರಿಸಿ ಅಧಿಸೂಚನೆ ಹೊರಡಿಸಿತು. 2018ರಲ್ಲಿ ಹಣಕಾಸು ಕಾಯ್ದೆಯ ಮೂಲಕ ತಂದ ಪದ್ಧತಿಯಂತೆ ಅದು ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಯನ್ನು ಅಳೆಯುವ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು ಅನುಸರಿಸಿ ಏರುತ್ತದೆ. ಐದು ವರ್ಷಕ್ಕೆ ಶೇ 24 ಒಂದೆಡೆ, ಎರಡು ಪಟ್ಟು ಇನ್ನೊಂದೆಡೆ. ಸೂಚ್ಯಂಕ ಮುಖ ನೋಡುವುದಿಲ್ಲ ಎಂಬುದಷ್ಟೇ ಅದರ ದೊಡ್ಡ ಗುಣ.

ಸಿಂಗಪುರ 2012ರಲ್ಲಿ ಸಚಿವರ ವೇತನವನ್ನು ಪರಿಷ್ಕರಿಸಿದಾಗ, ಪಿಂಚಣಿಯೂ ಸೇರಿದಂತೆ ಮರೆಯಲ್ಲಿ ಏನೂ ಇರಬಾರದು, ಕೊಡುವುದೆಲ್ಲ ಸಂಬಳದ ರೂಪದಲ್ಲೇ ಕಾಣಬೇಕು ಎಂಬ ತತ್ವವನ್ನು ಒಪ್ಪಿಕೊಂಡಿತು. ಅಲ್ಲಿನ ಮೊತ್ತಗಳು ನಮಗೆ ಮಾದರಿಯಾಗಬೇಕಿಲ್ಲ. ತತ್ವವನ್ನು ಎರವಲು ಪಡೆಯಲು ಅಡ್ಡಿಯಿಲ್ಲ. ಸಂಬಳ ಬೇಕಿದ್ದರೆ ಇನ್ನೂ ಹೆಚ್ಚಾಗಲಿ, ಮುಖ್ಯ ಕಾರ್ಯದರ್ಶಿಗೆ ಸಮನಾಗಲಿ. ಬದಲಿಗೆ ಬಾಡಿಗೆ ಭತ್ಯೆ ನೌಕರರ ನಿಯಮಕ್ಕೆ ಇಳಿಯಲಿ, ನಿಗಮದ ಕಾರುಗಳು ನಿಗಮಕ್ಕೆ ಮರಳಲಿ. ಇದರ ಜತೆಗೆ ಹೊಸ ಕಾನೂನೇನೂ ಬೇಡದ ಒಂದು ಕೆಲಸವಿದೆ. ಪ್ರತಿ ವರ್ಷ ಬಜೆಟ್ಟಿನ ಜತೆಗೆ ಒಂದು ಅನುಬಂಧ, ಒಬ್ಬೊಬ್ಬ ಸಚಿವರಿಗೆ ಒಂದೊಂದು ಹಾಳೆ: 2013, 2052, 2055, 2059, 2216 ಮತ್ತು ನಿಗಮಗಳ ಲೆಕ್ಕದಿಂದ ಆ ಹೆಸರಿಗೆ ಸಂದದ್ದೆಲ್ಲವೂ ಒಟ್ಟಾಗಿ. ಗಣಕೀಕೃತ ಖಜಾನೆಯಲ್ಲಿ ವೋಚರಿಗೆ ಇನ್ನೊಂದು ಸಂಕೇತ ಸಂಖ್ಯೆ ಸೇರಿಸಿದರೆ ಹೆಚ್ಚುಪಾಲು ಲೆಕ್ಕ ತಾನಾಗಿಯೇ ಕೂಡಿಕೊಳ್ಳುತ್ತದೆ. ನಾನು ನೋಡಿದ ಆ ಬಂಗಲೆಯ ಹಾಳೆಯಲ್ಲಿ ಆಗ ಹೀಗೊಂದು ಸಾಲು ಇರುತ್ತಿತ್ತು: ಪೂರ್ವದ ಬಾಗಿಲು ಇಟ್ಟದ್ದು, ಮುಚ್ಚಿದ್ದು, ಮತ್ತೆ ತೆರೆದದ್ದು, ಪ್ರತಿಯೊಂದರ ಎದುರಿಗೂ ಒಂದು ಹೆಸರು, ಒಂದು ಮೊತ್ತ.