ನಾಲ್ಕು ತಿಂಗಳ ಭುವನಸುಂದರಿ, ಹತ್ತು ವರ್ಷದ ಟಿ.ವಿ. ಚಿಕ್ಕಮ್ಮ

2002ರ ಮೇ 29ರಂದು ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ರಷ್ಯಾದ ಒಕ್ಸಾನಾ ಫ್ಯೊದರೊವಾ ಭುವನಸುಂದರಿ, ಅಂದರೆ ಮಿಸ್ ಯೂನಿವರ್ಸ್ ಆದರು. ರಷ್ಯಾಕ್ಕೆ ಆ ಪಟ್ಟ ಬಂದದ್ದು ಅದೇ ಮೊದಲು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅದು ಕೈಬಿಟ್ಟೂ ಹೋಯಿತು. ಗೆದ್ದವರಿಂದ ಸಂಸ್ಥೆಯೇ ಪಟ್ಟ ವಾಪಸ್ ಪಡೆದದ್ದು ಸ್ಪರ್ಧೆಯ ಚರಿತ್ರೆಯಲ್ಲಿ ಹಿಂದೆ ನಡೆದಿರಲಿಲ್ಲ.

ಏನಾಯಿತು ಎಂದು ತಿಳಿಯಲು ಅವರ ಊರಿನಿಂದಲೇ ಶುರುಮಾಡಬೇಕು. ಒಕ್ಸಾನಾ ಹುಟ್ಟಿದ್ದು 1977ರಲ್ಲಿ, ರಷ್ಯಾದ ವಾಯವ್ಯ ಮೂಲೆಯ ಹಳೆಯ ಪಟ್ಟಣ ಪ್ಸ್ಕೋವ್‌ನಲ್ಲಿ. ಓದಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಗೃಹ ಸಚಿವಾಲಯ ನಡೆಸುವ ವಿಶ್ವವಿದ್ಯಾಲಯದಲ್ಲಿ, ಅಂದರೆ ಪೊಲೀಸ್ ಅಧಿಕಾರಿಗಳನ್ನು ತಯಾರು ಮಾಡುವ ಕಡೆ. 1999ರಲ್ಲಿ ಆ ನಗರದ ಸುಂದರಿ, 2001ರಲ್ಲಿ ಮಿಸ್ ರಷ್ಯಾ. ಆಗಲೂ ಅವರು ಸಮವಸ್ತ್ರ ಬಿಟ್ಟಿರಲಿಲ್ಲ, ಕಾನೂನಿನಲ್ಲಿ ಸಂಶೋಧನೆಯನ್ನೂ ಮಾಡುತ್ತಿದ್ದರು.

ಅವರ ಬಾಲ್ಯದ ಸೋವಿಯತ್ ನಾಡಿನಲ್ಲಿ ಸೌಂದರ್ಯ ಸ್ಪರ್ಧೆಯೇ ಹೊಸ ಸಂಗತಿ. ಮಾಸ್ಕೋದಲ್ಲಿ ಮೊದಲ ದೊಡ್ಡ ಸ್ಪರ್ಧೆ ನಡೆದದ್ದು 1988ರಲ್ಲಿ, ಗೋರ್ಬಚೆವ್ ಕಾಲದಲ್ಲಿ. ಗೆದ್ದವಳು ಹದಿನಾರರ ಶಾಲಾ ಹುಡುಗಿ ಮಾಷಾ ಕಲಿನಿನಾ. ಮರುವರ್ಷ ಯೂಲಿಯಾ ಸುಖಾನೊವಾ ಮಿಸ್ ಯು.ಎಸ್.ಎಸ್.ಆರ್. ಆದರು. ಒಕ್ಕೂಟ ಒಡೆದ ಮರುವರ್ಷವೇ, 1992ರಲ್ಲಿ, ಯೂಲಿಯಾ ಕುರೊಚ್ಕಿನಾ ಇನ್ನೊಂದು ಸ್ಪರ್ಧೆಯಾದ ಮಿಸ್ ವರ್ಲ್ಡ್‌ನಲ್ಲಿ ವಿಶ್ವಸುಂದರಿ ಪಟ್ಟ ಗೆದ್ದರು. ಸಂಬಳವೇ ಸರಿಯಾಗಿ ಕೈಸೇರದ ಆ ವರ್ಷಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಮಾಡೆಲಿಂಗ್ ಎಂದರೆ ಹೊರದೇಶಕ್ಕೆ ತೆರೆದ ಬಾಗಿಲು. ಒಕ್ಸಾನಾ ಅವರಿಗೆ ಊರಿನಲ್ಲೇ ಒಂದು ವೃತ್ತಿಯಿತ್ತು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ ಎಂದು ನನಗನ್ನಿಸುತ್ತದೆ.

ಭುವನಸುಂದರಿ ಎನ್ನುವುದು ಬಿರುದಷ್ಟೇ ಅಲ್ಲ, ಒಂದು ವರ್ಷದ ನೌಕರಿ. ಆಗ ಕರಾರಿಗೆ ಸಹಿ ಹಾಕಿ ನ್ಯೂಯಾರ್ಕ್‌ನಲ್ಲಿ ನೆಲೆಸಬೇಕಿತ್ತು. ಕರೆದ ಸಮಾರಂಭಕ್ಕೆ, ಪ್ರಾಯೋಜಕರ ಕಾರ್ಯಕ್ರಮಕ್ಕೆ, ದೇಶದಿಂದ ದೇಶಕ್ಕೆ ಹೋಗುತ್ತಿರಬೇಕಿತ್ತು. ಒಕ್ಸಾನಾ ಈ ಹೊಣೆ ನಿಭಾಯಿಸಲಿಲ್ಲ ಎಂದಿತು ಸಂಸ್ಥೆ. ಓದು ಮುಗಿಸಲು ತಾವಾಗಿಯೇ ಮನೆಗೆ ಮರಳಿದ್ದಾಗಿ ಅವರು ಹೇಳಿದರು. ಅವರ ಖಾಸಗಿ ಬದುಕಿನ ಬಗ್ಗೆ ಆಗ ಹಬ್ಬಿದ ಗಾಳಿಸುದ್ದಿಗೆ ಇಲ್ಲಿ ಜಾಗ ಕೊಡುವುದಿಲ್ಲ. ಆಗ ಸ್ಪರ್ಧೆಯ ಸಹಮಾಲೀಕರಾಗಿದ್ದ ಡೊನಾಲ್ಡ್ ಟ್ರಂಪ್ ನ್ಯೂಯಾರ್ಕ್‌ನಲ್ಲಿ ಪನಾಮಾದ ಜಸ್ಟಿನ್ ಪಾಸೆಕ್ ಅವರಿಗೆ ಕಿರೀಟ ತೊಡಿಸಿದರು. ಪಾಸೆಕ್ ಹುಟ್ಟಿದ್ದು ಆಗ ಸೋವಿಯತ್ ಒಕ್ಕೂಟದಲ್ಲಿದ್ದ, ಈಗ ಉಕ್ರೇನ್‌ನಲ್ಲಿರುವ ಖಾರ್ಕಿವ್‌ನಲ್ಲಿ. ಸೋವಿಯತ್ ನೆಲದಲ್ಲಿ ಹುಟ್ಟಿದವರಿಂದ ಹೋದ ಕಿರೀಟ ಅದೇ ನೆಲದಲ್ಲಿ ಹುಟ್ಟಿದ ಇನ್ನೊಬ್ಬರಿಗೇ ಸೇರಿತು.

ಮನೆಗೆ ಮರಳಿದ ಒಕ್ಸಾನಾ ಸಂಶೋಧನಾ ಪ್ರಬಂಧ ಮುಗಿಸಿದರು. ಬಳಿಕ ಕಿರುತೆರೆಯಿಂದ ಕರೆ ಬಂತು, ಅದೂ ಎಂಥ ಕಾರ್ಯಕ್ರಮಕ್ಕೆ! 'ಶುಭರಾತ್ರಿ, ಪುಟಾಣಿಗಳೇ' ಎಂಬರ್ಥದ ಹೆಸರಿನ ಆ ಕಾರ್ಯಕ್ರಮ ಶುರುವಾದದ್ದು 1964ರ ಸೆಪ್ಟೆಂಬರ್ 1ರಂದು. ಮಲಗುವ ಹೊತ್ತಿಗೆ ಹಂದಿಮರಿ ಖ್ರ್ಯೂಷಾ, ಮೊಲ ಸ್ತೆಪಾಷ್ಕಾ, ನಾಯಿ ಫಿಲ್ಯಾ ಎಂಬ ಗೊಂಬೆಗಳು ತೆರೆಗೆ ಬರುತ್ತವೆ. ಪಕ್ಕದಲ್ಲಿ ಕೂತ ನಿರೂಪಕಿ ಅವುಗಳ ಜಗಳ ಬಿಡಿಸಿ, ಒಂದು ಕಾರ್ಟೂನ್ ತೋರಿಸಿ, ಜೋಗುಳದೊಂದಿಗೆ ಮಕ್ಕಳನ್ನು ಮಲಗಲು ಕಳಿಸಬೇಕು. ಹಿಂದೆ ಆ ಜಾಗದಲ್ಲಿದ್ದ ವಲೆಂತಿನಾ ಲಿಯೊಂತ್ಯೆವಾ ಅವರನ್ನು ಇಡೀ ದೇಶವೇ 'ವಾಲ್ಯಾ ಚಿಕ್ಕಮ್ಮ' ಎನ್ನುತ್ತಿತ್ತು. ಅಜ್ಜಿಯೂ ಅಮ್ಮನೂ ಚಿಕ್ಕಂದಿನಲ್ಲಿ ನೋಡಿದ್ದನ್ನೇ ಮಗುವೂ ನೋಡುವ ಮನೆಗಳಲ್ಲಿ ಹೊಸ ಮುಖವನ್ನು ಒಪ್ಪಿಸುವುದು ಸುಲಭವಲ್ಲ. ಅಲ್ಲಿ ಚೆಲುವಿಗಿಂತ ದನಿಯ ನಿಧಾನ, ಗೊಂಬೆಯ ಮಾತನ್ನು ನಿಜವೆಂದೇ ನಂಬಿ ಉತ್ತರಿಸುವ ಗುಣ ಹೆಚ್ಚು ಬೇಕು.

ಒಕ್ಸಾನಾ ಆ ಕುರ್ಚಿಯಲ್ಲಿ ಹೆಚ್ಚುಕಡಿಮೆ ಹತ್ತು ವರ್ಷ ಕೂತರು. ಭುವನಸುಂದರಿ ಪಟ್ಟ ಅವರ ಬಳಿ ಇದ್ದದ್ದು ನಾಲ್ಕು ತಿಂಗಳಿಗೂ ಕಡಿಮೆ. ಆ ಹತ್ತು ವರ್ಷದಲ್ಲಿ ಬೆಳೆದ ರಷ್ಯಾದ ಮಕ್ಕಳಿಗೆ ಅವರು ಖ್ರ್ಯೂಷಾನನ್ನು ಸಮಾಧಾನ ಮಾಡುವ ಒಕ್ಸಾನಾ ಚಿಕ್ಕಮ್ಮ.