ಕಡಿದದ್ದು ಕಣಜವೋ, ಹೆಜ್ಜೇನೋ?

ಕಣಜ ಕಡಿದು ಸಾವು ಎಂಬ ಸುದ್ದಿ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದುವವರಿಗೆ ಎಲ್ಲವೂ ಒಂದೇ ಬಗೆಯ ಸಾವು. ವೈದ್ಯರಿಗೆ ಹಾಗಲ್ಲ. ಅಡಿಕೆ ಮರ ಹತ್ತಿದವರೋ, ಯಂತ್ರ ಹಿಡಿದು ಗುಡ್ಡೆಯ ಹುಲ್ಲು ಕತ್ತರಿಸಲು ಹೋದವರೋ ಗೂಡಿಗೆ ತಾಗಿ, ಹಿಂಡು ಹಿಂಡು ಹುಳುಗಳು ಮುತ್ತಿ ಕಡಿದರೆ ಅದು ನೇರ ವಿಷದ ಹೊಡೆತ. ರಕ್ತಕಣಗಳೂ ಸ್ನಾಯುಗಳೂ ಒಡೆದು, ಒಂದೆರಡು ದಿನದಲ್ಲಿ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ವರೆಗೂ ಹೋಗಬಹುದು. ಒಂದೇ ಒಂದು ಹುಳು ಕಡಿದು ಹತ್ತಿಪ್ಪತ್ತು ನಿಮಿಷದಲ್ಲಿ ಮನುಷ್ಯ ಕುಸಿದರೆ ಅದು ಅಲರ್ಜಿ. ಅಲ್ಲಿ ಕೊಲ್ಲುವುದು ವಿಷಕ್ಕಿಂತ ಹೆಚ್ಚಾಗಿ ನಮ್ಮದೇ ದೇಹದ ಅತಿ ಪ್ರತಿಕ್ರಿಯೆ.

ಹಿಂದಿನ ಯಾವುದೋ ಕಡಿತದಲ್ಲಿ ದೇಹವು ವಿಷದ ಒಂದೆರಡು ಪ್ರೋಟೀನುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿ ಇಟ್ಟಿರುತ್ತದೆ. ಅವು ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೈಗೆ ಅಂಟಿಕೊಂಡು ಕೂತಿರುತ್ತವೆ. ಅದೇ ಪ್ರೋಟೀನು ಮತ್ತೆ ಬಂದು ಪಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಬೆಸೆದರೆ ಸಾಕು, ಕೋಶ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತದೆ. ಮೈಯೆಲ್ಲ ದದ್ದು, ಗಂಟಲು ಬಿಗಿತ, ಬಿಪಿ ಇಳಿತ. ಕಡಿದ ಜಾಗಕ್ಕೆ ಸುಣ್ಣ ಹಚ್ಚುವ ನಮ್ಮ ಮದ್ದು ಇಲ್ಲಿ ಏನೂ ಮಾಡದು. ವಿಷ ಆಗಲೇ ಚರ್ಮದ ಒಳಗಿದೆ, ಸುಣ್ಣ ಹೊರಗಿದೆ.

ಬದುಕಿ ಉಳಿದವರ ಮುಂದಿನ ಪ್ರಶ್ನೆ, ಕಡಿದದ್ದು ಯಾವುದು? ‘ಹುಳು ಡಾಕ್ಟ್ರೇ, ಹಳದಿ ಇತ್ತು’ ಅನ್ನುವುದಕ್ಕಿಂತ ಹೆಚ್ಚಿನ ವಿವರ ಸಿಗುವುದು ಅಪರೂಪ. ಹಾಗಾಗಿ ರಕ್ತಪರೀಕ್ಷೆ. ಹಳೆಯ ಕಾಲದಲ್ಲಿ ಹುಳುವನ್ನು ಇಡಿಯಾಗಿ ಅರೆದ ಸಾರವನ್ನೇ ಪರೀಕ್ಷೆಗೂ ಚಿಕಿತ್ಸೆಗೂ ಬಳಸುತ್ತಿದ್ದರು. 1978ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ತಂಡ ಆ ಸಾರದ ಚುಚ್ಚುಮದ್ದಿಗೂ ಔಷಧವಿಲ್ಲದ ಚುಚ್ಚುಮದ್ದಿಗೂ ವ್ಯತ್ಯಾಸವೇ ಇಲ್ಲವೆಂದು, ಶುದ್ಧ ವಿಷ ಮಾತ್ರ ರಕ್ಷಣೆ ಕೊಡುತ್ತದೆಂದು ತೋರಿಸಿತು. ಅಲ್ಲಿಂದ ಅರೆದ ಹುಳುವಿನ ಜಾಗಕ್ಕೆ ವಿಷ ಬಂತು.

ವಿಷದ ಪರೀಕ್ಷೆಗೂ ಒಂದು ತೊಡಕಿದೆ. ಎಷ್ಟೋ ಜನರ ರಕ್ತ ಜೇನಿನ ವಿಷಕ್ಕೂ ಕಣಜದ ವಿಷಕ್ಕೂ ಒಟ್ಟಿಗೆ ಪಾಸಿಟಿವ್ ಬರುತ್ತದೆ. ಎರಡೂ ಹುಳುಗಳ ಪ್ರೋಟೀನುಗಳ ಮೇಲೆ ಸಕ್ಕರೆ ಅಣುಗಳ ಸರಪಳಿ ಅಂಟಿರುತ್ತದೆ, ಅದರಲ್ಲಿ ಫ್ಯೂಕೋಸ್ ಎಂಬ ಸಕ್ಕರೆ ಒಂದು ವಿಶಿಷ್ಟ ರೀತಿಯಲ್ಲಿ ಜೋಡಿಕೊಂಡಿರುತ್ತದೆ. ಅಂಥದೇ ಜೋಡಣೆ ಗಿಡಗಳ ಪ್ರೋಟೀನುಗಳಲ್ಲೂ ಇದೆ, ಮನುಷ್ಯರಲ್ಲಿ ಇಲ್ಲ. ಆ ಸಕ್ಕರೆಯ ವಿರುದ್ಧ ಐಜಿಇ ಇದ್ದವರ ಪರೀಕ್ಷೆ ಎರಡೂ ಕಡೆ ಪಾಸಿಟಿವ್. ಶಾಲೆಯ ಸಮವಸ್ತ್ರ ನೋಡಿ ಇವನು ಇಂಥವರ ಮಗ ಎಂದು ಹೇಳಿದ ಹಾಗೆ. ಈ ಸಕ್ಕರೆಯ ಐಜಿಇಯಿಂದ ಸಾಮಾನ್ಯವಾಗಿ ಯಾರಿಗೂ ತೊಂದರೆಯಾಗುವುದಿಲ್ಲ, ವರದಿ ಮಾತ್ರ ಕೆಡುತ್ತದೆ.

ಇದಕ್ಕೆ ಸಿಕ್ಕ ದಾರಿ, ವಿಷವನ್ನು ಬಿಡಿಸಿ ಒಂದೊಂದೇ ಪ್ರೋಟೀನನ್ನು ಗುರುತಿಸಿ ಹೆಸರಿಡುವುದು. ಯುರೋಪಿನ ಸಾಮಾನ್ಯ ಕಣಜ ವೆಸ್ಪುಲಾ ವಲ್ಗ್ಯಾರಿಸ್‌ನ ಫಾಸ್ಫೊಲೈಪೇಸ್ ಎ1ಕ್ಕೆ ‘ವೆಸ್ ವಿ 1’, ಆಂಟಿಜೆನ್ 5ಕ್ಕೆ ‘ವೆಸ್ ವಿ 5’. ಯುರೋಪಿನ ಜೇನು ಏಪಿಸ್ ಮೆಲ್ಲಿಫೆರಾದ ಫಾಸ್ಫೊಲೈಪೇಸ್ ಎ2ಕ್ಕೆ ‘ಏಪಿ ಎಂ 1’. ಇವುಗಳ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಅದು ಪ್ರೋಟೀನು ಮಾಡಿಕೊಡುತ್ತದೆ. ಆದರೆ ಆ ಸಕ್ಕರೆ ಸರಪಳಿ ಕಟ್ಟುವ ವಿದ್ಯೆ ಅದಕ್ಕಿಲ್ಲ. ಬೇಕಾದದ್ದೂ ಅದೇ, ಸಕ್ಕರೆ ಇಲ್ಲದ ಪ್ರೋಟೀನಿನಿಂದ ಪರೀಕ್ಷಿಸಿದರೆ ಸಕ್ಕರೆಯ ಐಜಿಇ ಅಡ್ಡಬರುವುದಿಲ್ಲ. ವೆಸ್ ವಿ 1, ವೆಸ್ ವಿ 5 ಎರಡನ್ನೂ ನೋಡಿದರೆ ಆ ಕಣಜದ ಅಲರ್ಜಿ ಇರುವ ಬಹುತೇಕ ಎಲ್ಲರೂ ಸಿಕ್ಕಿಬೀಳುತ್ತಾರೆ. ಜೇನಿನ ವಿಷಯ ಅಷ್ಟು ಸಲೀಸಲ್ಲ, ಏಪಿ ಎಂ 1 ಒಂದನ್ನೇ ನಂಬಿದರೆ ಸಾಕಷ್ಟು ಜನ ತಪ್ಪಿಹೋಗುತ್ತಾರೆ. ಇನ್ನು, ವರದಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಎಂದಲ್ಲ. ಕಡಿತದಿಂದ ಯಾವತ್ತೂ ತೊಂದರೆಯಾಗದವರ ರಕ್ತದಲ್ಲೂ ಈ ಐಜಿಇ ಇರಬಹುದು.

ಇಷ್ಟೆಲ್ಲ ಸರಿ, ಆದರೆ ವೆಸ್ಪುಲಾ ನಮ್ಮ ಹುಳುವಲ್ಲ. ಅದು ತಂಪು ನಾಡಿನದು. ಕಾರ್ಕಳ, ಹೆಬ್ರಿಯ ತೋಟದಲ್ಲಿ ಕಪ್ಪು ಮೈಗೆ, ಹೊಟ್ಟೆಯ ಬುಡದಲ್ಲಿ ಅಗಲ ಕಿತ್ತಳೆ-ಹಳದಿ ಪಟ್ಟಿ ಹೊತ್ತು ಹಾರುವುದು ವೆಸ್ಪಾ ಕುಲದ್ದು. ಮರದ ನಾರು ಜಗಿದು, ಜೊಲ್ಲು ಸೇರಿಸಿ, ಪಟ್ಟೆಪಟ್ಟೆಯ ಕಾಗದದಂಥ ಉರುಟು ಗೂಡನ್ನು ಕೊಂಬೆಗೆ ಕಟ್ಟುವುದು ಅದರಲ್ಲಿ ವೆಸ್ಪಾ ಅಫಿನಿಸ್. ಮಾಡಿನ ಕೆಳಗೆ ಮುಚ್ಚಳವಿಲ್ಲದ ಸಣ್ಣ ಗೂಡು ನೇತುಹಾಕುವ ಕಂದು ಕಣಜ ರೋಪಾಲಿಡಿಯಾದ ಕುಲವೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ರಾಣಿ-ಕೆಲಸಗಾರರ ರಾಜಕೀಯ ಓದಿದ್ದು ಇದೇ ಕುಲದ ಕಣಜದಲ್ಲಿ. ಜೇನಿನಲ್ಲೂ ಹಾಗೆಯೇ: ನಮಗೆ ಕಡಿಯುವುದು ಹೆಜ್ಜೇನು, ತುಡುವೆ.

ಸಂಬಂಧಿ ಹುಳುಗಳ ಪ್ರೋಟೀನುಗಳಲ್ಲಿ ಹೋಲಿಕೆ ಇದ್ದೇ ಇರುತ್ತದೆ, ಆದ್ದರಿಂದ ಪರದೇಶದ ಪರೀಕ್ಷೆ ನಮ್ಮವರಲ್ಲೂ ಎಷ್ಟೋ ಸಲ ಸುಳಿವು ಕೊಡುತ್ತದೆ. ಹೋಲಿಕೆ ಪೂರ್ತಿಯಲ್ಲ ಎನ್ನುವುದೇ ತಕರಾರು. ವರದಿ ನೆಗೆಟಿವ್ ಬಂತೆಂದು ನಿಶ್ಚಿಂತೆಯಿಂದ ಮತ್ತೆ ತೋಟಕ್ಕೆ ಇಳಿಯುವಂತಿಲ್ಲ. ಥಾಯ್ಲೆಂಡಿನಲ್ಲೂ ಇದೇ ವೆಸ್ಪಾ ಅಫಿನಿಸ್ ಇದೆ. ಅಲ್ಲಿನ ಸಂಶೋಧಕರು 2013ರಲ್ಲಿ ಅದರ ವಿಷದಿಂದ ಫಾಸ್ಫೊಲೈಪೇಸ್ ಎ1 ಬೇರ್ಪಡಿಸಿ ರಚನೆ ವಿವರಿಸಿದರು. ವೈದ್ಯಕೀಯ ಕಾಲೇಜುಗಳು ಇಷ್ಟೊಂದಿರುವ ಮಂಗಳೂರು-ಮಣಿಪಾಲದ ಆಸುಪಾಸಿನಲ್ಲಿ ಇಂಥ ಕೆಲಸಕ್ಕೆ ರೋಗಿಗಳೂ ಇದ್ದಾರೆ, ಗೂಡುಗಳೂ ಇವೆ ಅನ್ನುವುದು ನನ್ನ ಲೆಕ್ಕ.

ಯಾವ ವಿಷ ಎಂದು ಖಚಿತವಾದರೆ ದೇಹಕ್ಕೆ ಆ ವಿಷವನ್ನು ರೂಢಿಮಾಡಿಸುವ ಇಮ್ಯುನೊಥೆರಪಿ ಸಾಧ್ಯ: ಅದೇ ವಿಷವನ್ನು ಕಿಂಚಿತ್ತಿನಿಂದ ಶುರುಮಾಡಿ 100 ಮೈಕ್ರೋಗ್ರಾಂವರೆಗೆ ಏರಿಸಿ, ಮೂರರಿಂದ ಐದು ವರ್ಷ ಕೊಡುತ್ತಾರೆ. ತಪ್ಪು ವಿಷ ಆರಿಸಿದರೆ ಅಷ್ಟೂ ವರ್ಷ ದಂಡ. ಆದ್ದರಿಂದ ಹೊಡೆದು ಬಿದ್ದ ಹುಳು ಸಿಕ್ಕರೆ ಡಬ್ಬಿಯಲ್ಲಿ ಹಾಕಿ ತನ್ನಿ, ಇಲ್ಲವೇ ದೂರದಿಂದ ಗೂಡಿನ ಫೋಟೋ ತೆಗೆಯಿರಿ. ಕಡಿದಲ್ಲಿ ಮುಳ್ಳು ಉಳಿದಿದ್ದರೆ ಜೇನಿರಬೇಕು, ಕಣಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ. ಉಸಿರು ಕಟ್ಟಿದರೆ, ತಲೆ ತಿರುಗಿದರೆ ಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್. ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಲ್ಲ. ಚರ್ಮಕ್ಕೆ ತುಸು ವಿಷ ಚುಚ್ಚಿ ಅಲರ್ಜಿ ನೋಡುವ ಚರ್ಮಪರೀಕ್ಷೆಯನ್ನು ಕಡಿದ ಮಾರನೇ ದಿನವೇ ಮಾಡಿಸಬೇಡಿ. ಐಜಿಇ, ಮಾಸ್ಟ್ ಕೋಶಗಳು ಆಗಷ್ಟೇ ಖರ್ಚಾಗಿರುವುದರಿಂದ ಸುಳ್ಳು ನೆಗೆಟಿವ್ ಬರಬಹುದು. ನಾಲ್ಕರಿಂದ ಆರು ವಾರ ಬಿಟ್ಟು ಹೋಗಿ.