ದಂಡವೋ ತೆರಿಗೆಯೋ: ಒಬಾಮಾಕೇರ್ ತೀರ್ಪಿನಲ್ಲಿ ನಾನು ಸಿಕ್ಕಿಕೊಂಡ ಜಾಗ

ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದ ಪತ್ರಿಕೆಗಳಲ್ಲಿ 'ಹೈಕೋರ್ಟ್' ಅಂತ ಕಂಡರೆ ಹಲವು ಸಲ ಅದು ಅಲ್ಲಿನ ಸುಪ್ರೀಂ ಕೋರ್ಟೇ. ನಮ್ಮ ಧಾರವಾಡ, ಕಲಬುರಗಿ ಪೀಠಗಳನ್ನು ಮನಸ್ಸಲ್ಲಿಟ್ಟು ಓದಿದರೆ ದಾರಿ ತಪ್ಪುತ್ತದೆ.

ಕೇಸು ಎನ್‌ಎಫ್‌ಐಬಿ (ಸಣ್ಣ ಉದ್ದಿಮೆದಾರರ ಸಂಘ) ವರ್ಸಸ್ ಸೆಬೆಲಿಯಸ್ (ಆಗಿನ ಆರೋಗ್ಯ ಸಚಿವೆ). ತೀರ್ಪು 2012ರ ಜೂನ್ 28ರದ್ದು. 2010ರ ಮಾರ್ಚ್‌ನಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದ ಆರೋಗ್ಯ ಕಾನೂನಿಗೆ (ಇದೇ ಒಬಾಮಾಕೇರ್) ರಿಪಬ್ಲಿಕನ್ ಪಕ್ಷದ ಒಂದೇ ಒಂದು ಓಟೂ ಬಿದ್ದಿರಲಿಲ್ಲ. 26 ರಾಜ್ಯಗಳು ಕೋರ್ಟಿಗೆ ಹೋಗಿದ್ದವು. ಅಧ್ಯಕ್ಷರ ಚುನಾವಣೆಗೆ ನಾಲ್ಕು ತಿಂಗಳು ಚಿಲ್ಲರೆ ಉಳಿದಿತ್ತು. ಇಷ್ಟು ಬಿಸಿ ಇದ್ದ ಕೇಸು ಕೊನೆಗೆ ನಿಂತಿದ್ದು ಒಂದು ಒಣ ಪ್ರಶ್ನೆಯ ಮೇಲೆ.

ಕಾನೂನು ಹೇಳಿದ್ದು ಇಷ್ಟು: 2014ರಿಂದ ಹೆಚ್ಚಿನವರು ಆರೋಗ್ಯ ವಿಮೆ ಮಾಡಿಸಲೇಬೇಕು. ಮಾಡಿಸದಿದ್ದರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಜೊತೆ ಒಂದಿಷ್ಟು ದುಡ್ಡು ಕಟ್ಟಬೇಕು. ಆ ದುಡ್ಡಿಗೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಇಟ್ಟ ಹೆಸರು 'ದಂಡ'.

ವಾಣಿಜ್ಯದ ವಾದ ಸುಲಭ. ಸರ್ಕಾರ ಹೇಳಿತು, ವಿಮೆ ವ್ಯಾಪಾರ, ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಸಂವಿಧಾನದಲ್ಲೇ ಕಾಂಗ್ರೆಸ್ಸಿಗಿದೆ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಪ್ಪಲಿಲ್ಲ. ನಡೆಯುತ್ತಿರುವ ವ್ಯಾಪಾರವನ್ನು ನಿಯಂತ್ರಿಸಬಹುದು, ಸುಮ್ನೆ ಕೂತವರನ್ನು ವ್ಯಾಪಾರಕ್ಕೆ ಎಳೆದು ತರುವಂತಿಲ್ಲ ಅಂದರು. ತೀರ್ಪಿನಲ್ಲಿ ಈ ಭಾಗ ಮೊದಲು ಬರುತ್ತದೆ. ಸಿಎನ್‌ಎನ್ ಮತ್ತು ಫಾಕ್ಸ್ ನ್ಯೂಸ್ ಇಷ್ಟನ್ನೇ ನೋಡಿ 'ವಿಮೆ ಕಡ್ಡಾಯ ರದ್ದು' ಅಂತ ಸುದ್ದಿ ಕೊಟ್ಟು, ಆಮೇಲೆ ತಿದ್ದಿಕೊಂಡವು. ಆದ್ದರಿಂದ ಓದುವಾಗ ಇಲ್ಲಿ ನಿಲ್ಲಿಸಬೇಡಿ. ಮುಂದಿನ ಭಾಗದಲ್ಲಿ ಅದೇ ದುಡ್ಡು 'ತೆರಿಗೆ' ಆಯಿತು, ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇದ್ದೇ ಇದೆ, ಹಾಗಾಗಿ 5–4ರಲ್ಲಿ ಕಾನೂನು ಉಳಿಯಿತು.

ನಾನು ಸಿಕ್ಕಿಕೊಂಡಿದ್ದು ಇಲ್ಲಿ. 1867ರ ಆಂಟಿ-ಇನ್‌ಜಂಕ್ಷನ್ ಆಕ್ಟ್ ಅಂತ ಒಂದಿದೆ. ತೆರಿಗೆಯ ಬಗ್ಗೆ ತಕರಾರಿದ್ದರೆ ಮೊದಲು ಕಟ್ಟಿ, ಆಮೇಲೆ ಕೋರ್ಟಿಗೆ ಬನ್ನಿ ಅನ್ನುತ್ತದೆ ಅದು. 2012ರಲ್ಲಿ ಯಾರೂ ಇನ್ನೂ ಕಟ್ಟಿರಲಿಲ್ಲ. ಇದು ತೆರಿಗೆಯಾದರೆ ಕೇಸನ್ನು ಕೇಳುವಂತೆಯೇ ಇರಲಿಲ್ಲ. ಕೋರ್ಟ್ ಮೊದಲು 'ತೆರಿಗೆ ಅಲ್ಲ' ಅಂದು ಕೇಸು ಕೇಳಿತು, ಆಮೇಲೆ 'ತೆರಿಗೆ ಹೌದು' ಅಂದು ಕಾನೂನು ಉಳಿಸಿತು. ಎರಡೂ ಹೇಗೆ ಸಾಧ್ಯ? ವಾದದ ಮೊದಲ ದಿನವೇ ನ್ಯಾಯಮೂರ್ತಿ ಅಲಿಟೊ ಸರ್ಕಾರಿ ವಕೀಲರಿಗೆ ಇದನ್ನೇ ಕೇಳಿದ್ದರು: ಇವತ್ತು ತೆರಿಗೆ ಅಲ್ಲ ಅನ್ನುತ್ತೀರಿ, ನಾಳೆ ಬಂದು ತೆರಿಗೆ ಅನ್ನುತ್ತೀರಿ.

ನನಗೆ ಗಂಟು ಬಿಚ್ಚಿದ್ದು ಅಪಾರ್ಟ್‌ಮೆಂಟಿನ ಲೆಕ್ಕದಲ್ಲಿ. ಒಂದು ಅಸೋಸಿಯೇಷನ್ ತಾನೇ ನಿಯಮ ಮಾಡಿಕೊಂಡಿದೆ ಅನ್ನಿ: 'ಮೇಂಟೆನೆನ್ಸ್ ಮೊದಲು ಕಟ್ಟಿ, ತಕರಾರು ಆಮೇಲೆ.' ಮುಂದಿನ ವರ್ಷ ಅದೇ ಅಸೋಸಿಯೇಷನ್ ಇನ್ನೊಂದು ವಸೂಲಿ ತಂದು ಅದಕ್ಕೆ 'ದಂಡ' ಅಂತ ಹೆಸರಿಟ್ಟಿತು. 'ಮೊದಲು ಕಟ್ಟಿ' ನಿಯಮ ಈ ದಂಡಕ್ಕೂ ಅನ್ವಯವಾ? ಇಲ್ಲ. ಎರಡೂ ಅವರದೇ ಮಾತು. ದಂಡವನ್ನೂ ಸೇರಿಸಬೇಕಿದ್ದರೆ ಮೇಂಟೆನೆನ್ಸ್ ಅಂತಲೇ ಕರೆಯುತ್ತಿದ್ದರು. ಈಗ ಬೇರೆ ಪ್ರಶ್ನೆ: ಈ ದುಡ್ಡು ವಸೂಲಿ ಮಾಡುವ ಅಧಿಕಾರವೇ ಅವರಿಗಿದೆಯಾ? ಆ ಅಧಿಕಾರ ಕೊಟ್ಟಿದ್ದು ಅವರಲ್ಲ, ಮೇಲಿನ ಕಾನೂನು. ಅಲ್ಲಿ ಹೆಸರು ನಡೆಯುವುದಿಲ್ಲ. ದುಡ್ಡು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ರಾಬರ್ಟ್ಸ್ ಮಾಡಿದ್ದೂ ಇದನ್ನೇ. 1867ರ ಕಾನೂನು ಕಾಂಗ್ರೆಸ್ಸಿನದು, ಅಲ್ಲಿ ಕಾಂಗ್ರೆಸ್ ಇಟ್ಟ ಹೆಸರಿಗೆ ಬೆಲೆ. ಸಂವಿಧಾನ ಕಾಂಗ್ರೆಸ್ಸಿಗಿಂತ ಮೇಲಿನದು, ಅಲ್ಲಿ ಕೆಲಸಕ್ಕೆ ಬೆಲೆ. ನೋಟ್‌ಬುಕ್ಕಿನ ಅಂಚಿನಲ್ಲಿ ನಾನು ದಪ್ಪಗೆ ಬರೆದುಕೊಂಡಿದ್ದೇನೆ: 'ತೆರಿಗೆಯಾ?' ಅಂತ ಕೇಳುತ್ತಿರುವುದು ಯಾರು?

ಇನ್ನು ಕೆಲಸ ನೋಡುವುದು ಹೇಗೆ? 1922ರ ಡ್ರೆಕ್ಸೆಲ್ ಫರ್ನಿಚರ್ ಕೇಸನ್ನು ಪಕ್ಕಕ್ಕಿಟ್ಟು ಓದಿ. ಅಲ್ಲಿ ಬಾಲಕಾರ್ಮಿಕರನ್ನು ಇಟ್ಟುಕೊಂಡ ಕಂಪನಿಗೆ 'ತೆರಿಗೆ' ಹಾಕಿದ್ದರು. ತಪ್ಪು ಎಷ್ಟೇ ಚಿಕ್ಕದಿರಲಿ, ಲಾಭದ 10 ಪರ್ಸೆಂಟ್. ಗೊತ್ತಿದ್ದೂ ಮಾಡಿದವರಿಗೆ ಮಾತ್ರ. ತಪಾಸಣೆಗೆ ಕಾರ್ಮಿಕ ಇಲಾಖೆಯೂ ಇತ್ತು. ಹೆಸರು ತೆರಿಗೆ, ಕೆಲಸ ಶಿಕ್ಷೆ. ಬಿದ್ದುಹೋಯಿತು. ಒಬಾಮಾಕೇರ್‌ನಲ್ಲಿ ಮೊತ್ತ ವಿಮೆಯ ಬೆಲೆಗಿಂತ ಜಾಸ್ತಿ ಆಗುವಂತಿಲ್ಲ, ವಸೂಲಿ ತೆರಿಗೆ ಇಲಾಖೆಯದು, ಕಟ್ಟದಿದ್ದರೆ ಕ್ರಿಮಿನಲ್ ಕೇಸು ಇಲ್ಲ. ಹೆಸರು ದಂಡ, ಕೆಲಸ ತೆರಿಗೆ.

ಒಂದನ್ನು ಮರೆಯಬೇಡಿ. ಸಹಜವಾಗಿ ಓದಿದರೆ ಇದು ವಿಮೆ ಮಾಡಿಸಿ ಅನ್ನುವ ಆಜ್ಞೆಯೇ ಅಂತ ರಾಬರ್ಟ್ಸ್ ಒಪ್ಪುತ್ತಾರೆ. ಆದರೆ ಕಾನೂನನ್ನು ಉಳಿಸುವಂಥ ಇನ್ನೊಂದು ಓದು ಸಾಧ್ಯವಿದ್ದರೆ ಕೋರ್ಟ್ ಅದನ್ನೇ ಹಿಡಿಯಬೇಕು ಅನ್ನುತ್ತಾರೆ. ಕಾನೂನು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಓಟು ಹಾಕುವವರಿಗೆ ಬಿಟ್ಟರು. ರಾಜಕೀಯದ ಬಿಸಿಯಲ್ಲಿ ನ್ಯಾಯಮೂರ್ತಿಗಳು ಹೀಗೆ ತಮ್ಮ ಕೆಲಸವನ್ನು ಚಿಕ್ಕದು ಮಾಡಿಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಭಿನ್ನಮತದ ನಾಲ್ವರು ಇದನ್ನು ಕಾನೂನನ್ನೇ ತಿರುಗಿಸಿ ಬರೆದಂತೆ ಅಂದರು. ಅದನ್ನೂ ಓದಿ, ವಾದ ಗಟ್ಟಿಯಾಗಿದೆ.

ನಮ್ಮಲ್ಲಿ ಇದರ ಕನ್ನಡಿಬಿಂಬ ಇದೆ: 1954ರ ಶಿರೂರು ಮಠದ ಕೇಸು. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಮಠಗಳಿಂದ ಪಡೆಯುವ ವಂತಿಗೆ ಬರೀ ಶುಲ್ಕ ಅಂತ ಸರ್ಕಾರ ಹೇಳಿತು. ಸುಪ್ರೀಂ ಕೋರ್ಟ್ ದುಡ್ಡಿನ ಜಾಡು ಹಿಡಿಯಿತು. ಅದು ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು, ಸೇವೆಯ ಖರ್ಚಿಗೂ ಅದಕ್ಕೂ ಲೆಕ್ಕದ ನಂಟಿರಲಿಲ್ಲ. ಹಾಗಾಗಿ ಅದು ತೆರಿಗೆ, ಹಾಕುವ ಅಧಿಕಾರ ರಾಜ್ಯಕ್ಕಿಲ್ಲ. ಅಲ್ಲಿ 'ತೆರಿಗೆ' ಅಂದಿದ್ದಕ್ಕೆ ಕಾನೂನು ಉಳಿಯಿತು, ಇಲ್ಲಿ 'ತೆರಿಗೆ' ಅಂದಿದ್ದಕ್ಕೆ ಆ ವಂತಿಗೆ ಬಿತ್ತು.

ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಭಾಗ ಚಿಕ್ಕದಾಗಿ: ಅದರ ಹೊಸ ವಿಸ್ತರಣೆಯನ್ನು ಒಪ್ಪದ ರಾಜ್ಯಗಳ ಹಳೆಯ ಅನುದಾನವನ್ನೂ ಕಿತ್ತುಕೊಳ್ಳುವುದು ಬಲವಂತ ಅಂತ 7–2ರಲ್ಲಿ ಹೇಳಿದರು. ಈ ಏಳರಲ್ಲಿ ಬ್ರೇಯರ್, ಕೇಗನ್ ಇದ್ದಾರೆ. ಇಬ್ಬರೂ ಡೆಮಾಕ್ರಟಿಕ್ ಅಧ್ಯಕ್ಷರು ನೇಮಿಸಿದವರು.

2017ರಲ್ಲಿ ಕಾಂಗ್ರೆಸ್ ಆ ದಂಡದ ಮೊತ್ತವನ್ನು ಸೊನ್ನೆ ಮಾಡಿತು, 2019ರಿಂದ ಜಾರಿ. ಸೊನ್ನೆ ರೂಪಾಯಿಯ ತೆರಿಗೆ ಅಂತ ಇರುತ್ತದಾ ಅಂತ ಟೆಕ್ಸಾಸ್ ಮತ್ತಿತರ ರಾಜ್ಯಗಳು ಮತ್ತೆ ಬಂದವು. 2021ರ ಜೂನ್ 17ರಂದು ಕೋರ್ಟ್ 7–2ರಲ್ಲಿ ವಾಪಸ್ ಕಳಿಸಿತು. ಸೊನ್ನೆ ದಂಡದಿಂದ ನಿಮಗಾದ ನಷ್ಟ ಏನು ಅಂತ ಕೇಳಿತು, ಅಷ್ಟೇ. ತೆರಿಗೆಯೋ ದಂಡವೋ ಅನ್ನುವ ಪ್ರಶ್ನೆಯ ಹತ್ತಿರಕ್ಕೂ ಬಹುಮತದ ತೀರ್ಪು ಹೋಗಲಿಲ್ಲ.